ಹಗಲಿಗೆ ಹೆದರುತ್ತಿದ್ದ ಹೊಟ್ಟೆ

ನನ್ನ ಹೊಟ್ಟೆಯ ಕಥೆ ಬರೆಯುತ್ತಿದ್ದೇನೆ. ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಅಡಿಗೆ, ಒಡವೆ, ಹೆರಿಗೆ ಎಲ್ಲದರ ಬಗ್ಗೆಯೂ ಹೆಂಗಸರು ಧಾರಾಳವಾಗಿ ಮಾತಾಡುತ್ತಾರೆ. ತಿಂದದ್ದು ಮೈಗೆ ಹತ್ತದೆ ನೀರಾಗಿ ಹೋಗುವ ವಿಷಯ ಬಂದರೆ ಮಾತ್ರ ಎಲ್ಲರ ಸೆರಗೂ ಬಾಯಿಗೆ ಬರುತ್ತದೆ. ಆ ಸೆರಗಿನ ದೆಸೆಯಿಂದ ನಾನು ಗಂಡನ ಮನೆಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಕಳೆದುಕೊಳ್ಳಲಿಲ್ಲ. ಯಾಕೆ ಕಳೆದುಕೊಳ್ಳಲಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು. ಇದರಲ್ಲಿ ಜಂಬ ಕಂಡರೆ ಅದು ಜಂಬವೇ, ಸಂಕೋಚವೇನಿಲ್ಲ.

ಮೊನ್ನೆ ಮೊಮ್ಮಗಳು ಯಾವುದೋ ಪತ್ರಿಕೆ ಓದುತ್ತಾ, "ಅಜ್ಜಿ, ಮನಸ್ಸಿಗೆ ಗಾಬರಿಯಾದರೆ ಕರುಳಿಗೂ ಗಾಬರಿಯಾಗುತ್ತಂತೆ. ಅದಕ್ಕೆ ಇರಿಟಬಲ್ ಬವೆಲ್ ಅಂತ ಹೆಸರಂತೆ" ಎಂದಳು, ಏನೋ ಹೊಸ ಸುದ್ದಿ ತಂದವಳ ಹಾಗೆ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅರಕಲಗೂಡಿನ ಪಕ್ಕದ ಒಂದು ಹಳ್ಳಿಯ ಸೊಸೆಯಾಗಿದ್ದಾಗ, ಒಬ್ಬಳೇ ಕೂತು ಯೋಚಿಸಿ ನಾನು ಅದನ್ನು ಕಂಡುಕೊಂಡಿದ್ದೆ. ನನ್ನ ವಯಸ್ಸು ಆಗ ಇಪ್ಪತ್ತೂ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರದಲ್ಲಿ. ಪೇಟೆ ಬೀದಿಯಲ್ಲಿ ನಮ್ಮಪ್ಪನ ತೆಂಗಿನಕಾಯಿ ಮಂಡಿ, ಅದರ ಹಿಂದೆಯೇ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ಹೆಂಚು ಹೊದಿಸಿದ ಒಂದು ಕಕ್ಕಸು. ಅದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ. ಹೆಣ್ಣುಮಕ್ಕಳ ಸ್ಕೂಲಿಗೆ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಹಿಂದಿನ ದಿನದಿಂದಲೇ ನನ್ನ ಹೊಟ್ಟೆಯಲ್ಲಿ ಗುಡುಗುಡು ಶುರು. ಬೆಳಿಗ್ಗೆ ಜಡೆ ಹೆಣೆಸಿಕೊಳ್ಳುತ್ತಾ ಕೂತವಳು ಅರ್ಧ ಜಡೆಯಲ್ಲೇ ಎದ್ದು ಹಿತ್ತಲಿಗೆ ಓಡುತ್ತಿದ್ದೆ. ಅವ್ವ ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡು, "ಪರೀಕ್ಸೆ ನಿಂಗೇನೇ, ನಿನ್ ಒಟ್ಟೆಗೇನೇ?" ಎಂದು ನಗುತ್ತಿದ್ದಳು. ಓಡಿ ಬಂದು ಕೂತು ಉಳಿದ ಜಡೆ ಹೆಣೆಸಿಕೊಂಡು ಹೋಗಿ ಇನ್‌ಸ್ಪೆಕ್ಟರ ಮುಂದೆ ಒಂದು ತಪ್ಪಿಲ್ಲದೆ ಪದ್ಯ ಒಪ್ಪಿಸಿ ಬರುತ್ತಿದ್ದೆ. ಹಾಸನಕ್ಕೆ ಹೋಗಿ ಲೋವರ್ ಸೆಕೆಂಡರಿ ಪರೀಕ್ಷೆ ಬರೆದಾಗಲೂ ಹೀಗೇ ಆಯಿತು. ಪಾಸಾದೆ. ನಮ್ಮ ಬೀದಿಯಲ್ಲಿ ಅದನ್ನು ಪಾಸು ಮಾಡಿದ ಮೊದಲನೆಯ ಹುಡುಗಿ ನಾನು. ನನ್ನ ಹೊಟ್ಟೆ ಹೆದರುತ್ತಿತ್ತು, ನಾನು ಹೆದರುತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅದನ್ನು ಕಾಯಿಲೆ ಎಂದು ನಮ್ಮ ಮನೆಯಲ್ಲಿ ಯಾರೂ ಕರೆದಿರಲಿಲ್ಲ.

ಮದುವೆಯಾಗಿ ಹೋದ ಮನೆ ದೊಡ್ಡದು. ಗದ್ದೆ, ತೋಟ, ಕೊಟ್ಟಿಗೆ ತುಂಬ ದನ, ದಿನಾ ಬೆಳಿಗ್ಗೆ ಸಾಲಾಗಿ ಕೂತು ಲಿಂಗಪೂಜೆ ಮಾಡುವ ಜನ. ಮಾವನವರು ತೀರಿಕೊಂಡಿದ್ದರು. ಮನೆಯೊಳಗೆ ಅತ್ತೆಯದೇ ಮಾತು. ಎತ್ತರದ ಹೆಂಗಸು, ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಹೇಳುವವರಲ್ಲ. ಮನೆಯ ಹೊರಗಿನ ವ್ಯವಹಾರವೆಲ್ಲ ಮಾವನವರ ತಮ್ಮನದು. ನಾನು ಅವರನ್ನು ಚಿಕ್ಕಮಾವ ಎನ್ನುತ್ತಿದ್ದೆ. ಅವರ ಮನೆ ಎದುರಿಗೇ ಇದ್ದರೂ ಹೊತ್ತು ಹುಟ್ಟಿದರೆ ಮುಳುಗುವವರೆಗೂ ಅವರು ಕೂರುತ್ತಿದ್ದುದು ನಮ್ಮ ಜಗಲಿಯ ಮೇಲೆ. ಅವರ ಸುತ್ತ ಎಲೆಯಡಿಕೆ ಹಾಕಿಕೊಂಡು ನಾಲ್ಕೈದು ಗಂಡಸರು ಯಾವಾಗಲೂ ಇರಬೇಕು. ನಮ್ಮ ಯಜಮಾನರು ಮೆತ್ತಗಿನ ಮನುಷ್ಯ. ಚಿಕ್ಕಪ್ಪನ ಎದುರಿಗೆ ಕೂತು ಮಾತಾಡಿದವರಲ್ಲ, ನಿಂತೇ ಮಾತಾಡುತ್ತಿದ್ದರು.

ಇಂಥ ಮನೆಯಲ್ಲಿ ಎಲ್ಲಾ ಇತ್ತು, ಅದೊಂದು ಇರಲಿಲ್ಲ. ಊರಿನ ಹೆಂಗಸರೆಲ್ಲ ಇನ್ನೂ ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ಕೆರೆ ಏರಿಯ ಹಿಂದಕ್ಕೆ ಹೋಗಿ ಬರಬೇಕು. ಆಮೇಲೆ ಮತ್ತೆ ಕತ್ತಲಾದ ಮೇಲೆಯೇ. ನಡುವಿನ ಇಡೀ ಹಗಲು ಹೆಂಗಸಿಗೆ ಹೊಟ್ಟೆ ಇದೆ ಎಂಬುದನ್ನೇ ಊರು ಒಪ್ಪುತ್ತಿರಲಿಲ್ಲ. ಗಂಡಸರಿಗೆ ಬಿಡಿ, ಊರೆಲ್ಲಾ ಅವರದೇ ಬಯಲು. ನಮ್ಮ ಹಿತ್ತಲಿಗೆ ಸುತ್ತ ಗೋಡೆ, ಆಚೆ ಬೇರೆಯವರ ಮನೆ. ಕೆರೆ ಕಡೆಗೆ ಹೋಗಬೇಕಾದರೆ ಮುಂಬಾಗಿಲಿನಿಂದಲೇ, ಜಗಲಿಯ ಮುಂದಿನಿಂದಲೇ ಹೋಗಬೇಕು. ಹೊಸ ಸೊಸೆ ನಡುಹಗಲಲ್ಲಿ ಕೈಯಲ್ಲಿ ಚೊಂಬು ಹಿಡಿದು ಚಿಕ್ಕಮಾವನ ಮುಂದೆ ಹಾದು ಹೋಗುವುದೇ? ಅದಕ್ಕಿಂತ ಬಾವಿ ಹಾರುವುದು ಮರ್ಯಾದೆ ಎಂದುಕೊಳ್ಳುವ ಕಾಲ ಅದು.

ಮೊದಲ ದಿನವೇ ನನ್ನ ಹೊಟ್ಟೆಗೆ ಈ ಸಂಗತಿ ತಿಳಿದುಹೋಯಿತು. ನಸುಕಿನಲ್ಲಿ ಎಲ್ಲರ ಜೊತೆ ಹೋಗಿ ಬಂದಿದ್ದೆ, ಏನೂ ತೊಂದರೆ ಇರಲಿಲ್ಲ. ಬಿಸಿಲು ಅಂಗಳಕ್ಕೆ ಬಿತ್ತು, ಜಗಲಿಯ ಮೇಲೆ ಚಿಕ್ಕಮಾವ ಕೆಮ್ಮಿದರು, ಇನ್ನು ಕತ್ತಲಾಗುವವರೆಗೂ ಹೋಗುವ ಹಾಗಿಲ್ಲವಲ್ಲ ಎಂದು ಅನ್ನಿಸಿತು ನೋಡಿ, ಅಷ್ಟೇ. ಕರುಳು ಹಿಂಡಲು ಶುರುವಾಯಿತು. ಮೈ ಬೆವೆತಿತು, ಕೈಕಾಲು ತಣ್ಣಗಾದವು. ಒರಳುಕಲ್ಲಿನ ಮುಂದೆ ಕೂತು ಹಲ್ಲು ಕಚ್ಚಿಕೊಂಡು ಖಾರ ರುಬ್ಬಿದೆ. ಅವತ್ತು ಕತ್ತಲಾಗುವುದನ್ನು ಕಾದ ಹಾಗೆ ನಾನು ಇನ್ಯಾವುದನ್ನೂ ಕಾದಿಲ್ಲ. ಮರುದಿನ ಅದೇ ಕಥೆ. ಹೊಟ್ಟೆ ಕರೆಯುತ್ತದೇನೋ ಎಂದು ಹೆದರುವುದು, ಹೆದರಿದ್ದಕ್ಕೆ ಅದು ಕರೆಯುವುದು. ಕೊನೆಗೆ ನನಗೆ ಉಳಿದ ದಾರಿ ಒಂದೇ. ಉಣ್ಣುವುದನ್ನು ಬಿಟ್ಟೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ನಾನು, ಯಾರಿಗೆ ಗೊತ್ತಾಗಬೇಕು? ಮುದ್ದೆಯಲ್ಲಿ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಎಮ್ಮೆಯ ಮುಸುರೆ ಬಾನಿಗೆ ಹಾಕುತ್ತಿದ್ದೆ. ಎಮ್ಮೆ ದಪ್ಪವಾಯಿತು, ನಾನು ಸಣ್ಣಗಾದೆ.

ಅತ್ತೆಯ ಕಣ್ಣಿಗೆ ಅದು ಬೀಳದೆ ಹೋಗಲಿಲ್ಲ. ಸೊಸೆಗೆ ಊಟ ಸೇರುವುದಿಲ್ಲ, ಮುಖ ಬಾಡಿದೆ, ಬೆಳಿಗ್ಗೆ ಎದ್ದರೆ ಸಂಕಟಪಡುತ್ತಾಳೆ. ಲೆಕ್ಕ ಹಾಕಿ ಅವರು ಬಸಿರು ಎಂದು ತೀರ್ಮಾನಿಸಿಬಿಟ್ಟರು. ನನ್ನನ್ನು ಒಂದು ಮಾತು ಕೇಳಬೇಕೋ ಬೇಡವೋ! ಎರಡೇ ದಿನದಲ್ಲಿ ಬೀದಿಯ ಹೆಂಗಸರೆಲ್ಲ ಸೆರಗಿನಲ್ಲಿ ಮಾವಿನಕಾಯಿ, ಹುಣಿಸೆಕಾಯಿ ಕಟ್ಟಿಕೊಂಡು ಬಂದರು. ಒಬ್ಬಾಕೆ ನನ್ನ ಗಲ್ಲ ಹಿಡಿದು, "ಗಂಡೇ ಕಣವ್ವ, ಮಕ ನೋಡುದ್ರೇ ಗೊತ್ತಾಯ್ತದೆ" ಎಂದಳು. ಆ ಹುಳಿಯನ್ನೆಲ್ಲ ಅವರ ಎದುರಿಗೇ ತಿನ್ನಬೇಕಾಗಿ ಬಂತು. ಅದರ ಫಲ ನಾನು ಬರೆಯುವುದಿಲ್ಲ, ನೀವೇ ಊಹಿಸಿಕೊಳ್ಳಿ. ಆ ತಿಂಗಳು ಮುಟ್ಟಾದಾಗ ಅತ್ತೆಗೆ ಬೀದಿಯಲ್ಲಿ ತಲೆ ಎತ್ತುವುದು ಕಷ್ಟವಾಯಿತು. ನನ್ನ ಜೊತೆ ಕೆಲವು ದಿನ ಮಾತಾಡಲಿಲ್ಲ.

ಆಮೇಲೆ ಮದ್ದು. ಹೊಕ್ಕುಳು ಜಾರಿದೆ ಎಂದು ಒಬ್ಬ ಮುದುಕಿಯನ್ನು ಕರೆಸಿದರು. ಅವಳು ನನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಗೆ ಹರಳೆಣ್ಣೆ ನೀವಿ, ಹೊಕ್ಕುಳಿನ ಮೇಲೆ ಒಂದು ಪುಟ್ಟ ದೀಪ ಹಚ್ಚಿಟ್ಟು ಮೇಲೆ ಹಿತ್ತಾಳೆ ಚೊಂಬು ಬೋರಲು ಹಾಕಿದಳು. ದೀಪ ಆರಿತು, ಚೊಂಬು ಹೊಟ್ಟೆಗೆ ಕಚ್ಚಿಕೊಂಡಿತು. ಮೂರು ಜನ ಸೇರಿ ಕಿತ್ತರು. ಚರ್ಮ ಕೆಂಪಗೆ ಬಾತುಕೊಂಡಿತೇ ಹೊರತು ಬೇರೇನೂ ಆಗಲಿಲ್ಲ. ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದರು, ಮಜ್ಜಿಗೆಯಲ್ಲಿ ಮೆಂತ್ಯ ಕುಡಿಸಿದರು. ಕೊನೆಗೆ ಜಗಲಿಯ ಮೇಲಿನಿಂದ ಚಿಕ್ಕಮಾವ ಒಂದು ಹೆಸರು ಹೇಳಿದರು. ಸಂಗ್ರಹಣಿ. ಆ ಕಾಲದಲ್ಲಿ ಆ ಹೆಸರು ಕೇಳಿದರೆ ಜನ ಪಾತ್ರೆ ಬೇರೆ ಮಾಡುತ್ತಿದ್ದರು. ತಿಂದದ್ದು ನಿಲ್ಲದೆ ಸೊರಗಿ ಸೊರಗಿ ಸಾಯುವ ರೋಗ ಅದು. ಸಂಗ್ರಹಣಿಯವಳಿಗೆ ಮಕ್ಕಳಾಗುವುದಿಲ್ಲ ಎಂದೂ ಜನ ನಂಬಿದ್ದರು.

ನನ್ನನ್ನು ಹಾಸನದ ಆಸ್ಪತ್ರೆಗೆ ತೋರಿಸಬೇಕೆಂದು ಯಜಮಾನರು ಹಟ ಹಿಡಿದರು. ಅವರು ಹಟ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಿಕ್ಕಮಾವನೂ ಜೊತೆಗೆ ಹೊರಟರು. ಪೆಟ್ರೋಲು ಸಿಗದ ಕಾಲ, ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಬಸ್ಸಿನ ಹಿಂದೆ ದೊಡ್ಡ ಒಲೆಯಂಥದ್ದು, ಅದಕ್ಕೆ ಇದ್ದಿಲು ತುಂಬಿ ಗಾಳಿ ಹಾಕಿ ಹಾಕಿ ಎಬ್ಬಿಸಬೇಕು. ಅರಕಲಗೂಡಿನಲ್ಲಿ ಅದರ ಮುಂದೆ ನಿಂತಾಗ ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಅಷ್ಟು ದೂರ, ಅಷ್ಟು ಜನರ ನಡುವೆ ಕೂತು ಹೋಗುವುದು ಹೇಗೆ? ಯಜಮಾನರು ಡ್ರೈವರನ ಹತ್ತಿರ ಹೋಗಿ ಏನೋ ಪಿಸುಗುಟ್ಟಿ ಬಂದರು. ಬಂದು ನನ್ನ ಕಡೆ ನೋಡದೆಯೇ, "ಎಲ್ ನಿಲ್ಸು ಅಂದ್ರೆ ಅಲ್ ನಿಲ್ಲುಸ್ತಾನಂತೆ. ನನ್ನೆಸ್ರು ಯೋಳಿವ್ನಿ, ನನಗೇ ಸರೀಗಿಲ್ಲ ಅಂತ" ಎಂದರು. ಆ ಮಾತು ಕೇಳಿ ಹತ್ತಿ ಕೂತವಳು ಹಾಸನದವರೆಗೂ ಒಮ್ಮೆಯೂ ನಿಲ್ಲಿಸಲಿಲ್ಲ. ಏರು ಬಂದಾಗಲೆಲ್ಲ ಬಸ್ಸು ತಾನಾಗಿಯೇ ನಿಲ್ಲುತ್ತಿತ್ತು, ಗಂಡಸರು ಇಳಿದು ತಳ್ಳುತ್ತಿದ್ದರು, ಇದ್ದಿಲು ಬಸ್ಸಿಗೆ ಎಲ್ಲರೂ ಶಾಪ ಹಾಕುತ್ತಿದ್ದರು. ನಾನು ಮಾತ್ರ ಕಿಟಕಿಯ ಪಕ್ಕ ಕೂತು ಆರಾಮವಾಗಿ ಹುರಿಗಡಲೆ ತಿಂದೆ.

ಆಸ್ಪತ್ರೆಯ ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಪರೀಕ್ಷೆಗೆ ಕೊಡಬೇಕಾದ್ದನ್ನು ಕೊಡಿಸಿಕೊಂಡರು. ಮರುದಿನ ಕರೆದು, "ಕರುಳಿನಲ್ಲಿ ರೋಗ ಕಾಣುವುದಿಲ್ಲ. ಏನಮ್ಮ, ಮನಸ್ಸಿಗೆ ಏನಾದರೂ ಗಾಬರಿ ಇದೆಯೇ?" ಎಂದು ಕೇಳಿದರು. ಹೇಳಬೇಕೆಂದು ಬಾಯಿ ತೆರೆದೆ. ಎದುರಿಗೇ ಚಿಕ್ಕಮಾವ ಕೊಡೆ ಊರಿಕೊಂಡು ನಿಂತಿದ್ದರು. ಬಾಯಿ ಮುಚ್ಚಿಕೊಂಡೆ. ಡಾಕ್ಟರು ಒಂದು ಬಾಟಲಿಯಲ್ಲಿ ಕೆಂಪು ಔಷಧಿ ಕೊಟ್ಟು ಕಳಿಸಿದರು. ಚಿಕ್ಕಮಾವ ಊರಿಗೆ ಬಂದು ಜಗಲಿಯ ಮೇಲೆ ಹೇಳಿದ್ದೇನು ಗೊತ್ತೇ? "ಆಸನದ ಡಾಕ್ಟ್ರ ಕೈಗೇ ಸಿಕ್ಕಾಕಿಲ್ಲ ಅಂದ್ಮ್ಯಾಲೆ ಎಂಥಾ ಕಾಯ್ಲೆ ಇರ್ಬೇಕು ನೋಡ್ರಪ್ಪ!" ರೋಗವಿಲ್ಲ ಎಂದರೆ ಡಾಕ್ಟರಿಗೂ ಮೀರಿದ ರೋಗ ಎಂದು ಅರ್ಥ ಮಾಡಿಕೊಳ್ಳುವ ಬುದ್ಧಿಗೆ ಏನು ಹೇಳೋಣ! ಕೇಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು.

ಸ್ವಲ್ಪ ದಿನ ಇದ್ದು ಬರಲಿ ಎಂದು ನನ್ನನ್ನು ತವರಿಗೆ ಕಳಿಸಿದರು. ಹೊಳೆನರಸೀಪುರದ ಮನೆಯಲ್ಲಿ ಮೊದಲ ದಿನವೇ ಎರಡು ಮುದ್ದೆ ಉಂಡೆ. ಎರಡನೆಯ ದಿನ ಅವ್ವ ಹಬ್ಬವಿಲ್ಲದಿದ್ದರೂ ಒಬ್ಬಟ್ಟು ಮಾಡಿದಳು, ನಾಲ್ಕು ತಿಂದೆ. ಹೊಟ್ಟೆ ಕಮಕ್ ಕಿಮಕ್ ಎನ್ನಲಿಲ್ಲ. ಅವ್ವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಅಲ್ಲಿ ನಿಂಗೆ ಅನ್ನಕ್ಕೆ ಏನ್ ಆಕ್ತಾರೆ?" ಎಂದು ಕೂಗಾಡಿದಳು. ಅನ್ನಕ್ಕೆ ಏನೂ ಹಾಕುತ್ತಿರಲಿಲ್ಲ. ಅಲ್ಲಿನ ರಾಗಿ, ಇಲ್ಲಿನ ರಾಗಿ ಎರಡೂ ಒಂದೇ.

ಬಾವಿಕಟ್ಟೆಯ ಮೇಲೆ ಕೂತು ನಾನು ಯೋಚನೆ ಮಾಡಿದೆ. ಲೋವರ್ ಸೆಕೆಂಡರಿ ಓದಿದ್ದು ಏನಕ್ಕೆ ಮತ್ತೆ? ಗಂಡನ ಮನೆಯಲ್ಲೂ ನನ್ನ ಹೊಟ್ಟೆ ದಿನಾ ಕೆಡುತ್ತಿರಲಿಲ್ಲ. ಅರಕಲಗೂಡಿನ ಸಂತೆಯ ದಿನ ಗಂಡಸರೆಲ್ಲ ಗಾಡಿ ಕಟ್ಟಿಕೊಂಡು ಹೋದರೆ ಜಗಲಿ ಖಾಲಿ, ಆ ದಿನ ಸಂಜೆಯವರೆಗೂ ನೆಮ್ಮದಿ. ಇದ್ದಿಲು ಬಸ್ಸಿನಲ್ಲೂ ನೆಮ್ಮದಿ. ಇಲ್ಲಿ ತವರಿನಲ್ಲಿ ಹಿತ್ತಲಿನ ಮೂಲೆಗೆ ನಾನು ಹೋಗುತ್ತಿದ್ದುದು ಬೆಳಿಗ್ಗೆ ಒಂದೇ ಸಲ, ಅಲ್ಲಿ ಹೋಗುತ್ತಿದ್ದ ಹಾಗೆಯೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ? ಬೇಕೆಂದರೆ ಹೋಗಬಹುದು ಎನ್ನುವುದರಲ್ಲಿದೆ. ಬಸ್ಸು ನಿಲ್ಲುತ್ತದೆ ಎಂದು ಗೊತ್ತಿದ್ದರೆ ನಿಲ್ಲಿಸಬೇಕಾಗಿಯೇ ಬರುವುದಿಲ್ಲ. ರೋಗ ನನ್ನ ಕರುಳಿನಲ್ಲಿ ಇರಲಿಲ್ಲ, ಆ ಜಗಲಿಯ ಮುಂದಿನ ದಾರಿಯಲ್ಲಿತ್ತು. ಇದು ಹೊಳೆದಾಗ ನನಗಾದ ಸಂತೋಷ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ಒಬ್ಬಳೇ ಗಟ್ಟಿಯಾಗಿ ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ಮಂಡಿಗೆ ಬಂದ ಒಬ್ಬ ವ್ಯಾಪಾರಿ ಅಪ್ಪನಿಗೆ ಸುದ್ದಿ ಮುಟ್ಟಿಸಿದ. ಚಿಕ್ಕಮಾವ ನಮ್ಮ ಯಜಮಾನರಿಗೆ ಚನ್ನರಾಯಪಟ್ಟಣದ ಕಡೆ ಇನ್ನೊಂದು ಹೆಣ್ಣು ನೋಡಿದ್ದಾರೆ ಎಂದು. ಆಗ ಗಂಡಸು ಇನ್ನೊಂದು ಮದುವೆಯಾಗುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಅಪ್ಪ ಮಂಡಿಗೆ ಬೀಗ ಹಾಕಿಸಿ ಅವತ್ತೇ ನನ್ನನ್ನು ಕರೆದುಕೊಂಡು ಹೊರಟರು. ದಾರಿಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಮುಖ ಆಚೆ ತಿರುಗಿಸಿಕೊಂಡು ಕೇಳಿದರು. ಆಮೇಲೆ, "ನಿಜ ಇರ್ಬೋದು ಕಣವ್ವ. ಆದ್ರೆ ಬೀಗ್ರ ಮುಂದೆ ಈ ಮಾತ ಎಂಗೆ ಆಡ್ಲಿ?" ಎಂದರು.

ನಡುಮನೆಯಲ್ಲಿ ಚಾಪೆ ಹಾಸಿದರು. ಚಿಕ್ಕಮಾವ, ಅಪ್ಪ, ಯಜಮಾನರು. ಅತ್ತೆ ಅಡಿಗೆಮನೆಯ ಬಾಗಿಲಿನ ಹಿಂದೆ, ನಾನು ಅವರ ಹಿಂದೆ. ಚಿಕ್ಕಮಾವ ಎಲೆಗೆ ಸುಣ್ಣ ಹಚ್ಚುತ್ತಾ ಶುರು ಮಾಡಿದರು.

"ತಪ್ ತಿಳ್ಕಬ್ಯಾಡಿ ಬೀಗ್ರೇ. ಉಡುಗಿ ಗುಣವಂತೆ, ಅದ್ರಾಗೆ ಎರಡು ಮಾತಿಲ್ಲ. ಆದ್ರೆ ಸಂಗ್ರಹಣಿ ಅನ್ನಾದು ಕೆಟ್ ಕಾಯ್ಲೆ. ನಿಮ್ ಮನೇಲೇ ಇರ್ಲಿ, ಬಟ್ಟೆಬರೆಗೆ ನಾವೇನೂ ಕಮ್ಮಿ ಮಾಡಾಕಿಲ್ಲ. ಈ ಮನೆಗೂ ಒಂದು ಕೂಸು ಬೇಕಲ್ವಾ?"

ಅಪ್ಪ ತಲೆ ತಗ್ಗಿಸಿದರು. ನಮ್ಮಪ್ಪ, ಪೇಟೆಯಲ್ಲಿ ಯಾರ ಮುಂದೆಯೂ ತಗ್ಗದ ದನಿ ಅವರದು, ಅಲ್ಲಿ ನೆಲ ನೋಡುತ್ತಾ ಕೂತಿದ್ದರು. ಅದನ್ನು ನೋಡಿ ನನ್ನ ಮೈ ಉರಿಯಿತು. ಹೊಟ್ಟೆ ಆಗಲೇ ಹಿಂಡುತ್ತಿತ್ತು. ಹಿಂಡಿಕೋ, ಏನು ಮಾಡ್ತೀಯೋ ಮಾಡಿಕೋ ಎಂದು ಅದಕ್ಕೆ ಹೇಳಿ, ಅತ್ತೆಯನ್ನು ದಾಟಿ ನಡುಮನೆಗೆ ಬಂದು ನಿಂತೆ.

"ಚಿಕ್ಕಮಾವ, ನನಗೆ ಕಾಯಿಲೆ ಇಲ್ಲ. ನನಗೆ ಹೋಗೋದಕ್ಕೆ ಜಾಗ ಇಲ್ಲ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಬಾಯಿ ಬರುತ್ತಿರಲಿಲ್ಲ. "ಸಂತೆ ದಿನ ಜಗಲಿ ಖಾಲಿ ಇರುತ್ತೆ, ಅವತ್ತು ನನ್ನ ಹೊಟ್ಟೆ ಕೆಡೋದಿಲ್ಲ. ಬಸ್ಸು ನಿಲ್ಲಿಸ್ತಾರೆ ಅಂತ ಗೊತ್ತಿತ್ತು, ಕೆಡಲಿಲ್ಲ. ತವರಲ್ಲಿ ಹಿತ್ತಲಿದೆ, ಕೆಡೋದಿಲ್ಲ. ಇಲ್ಲಿ ಹೊತ್ತು ಹುಟ್ಟಿದರೆ ಸಾಕು, ಇನ್ನು ಹೋಗೋ ಹಾಗಿಲ್ಲವಲ್ಲ ಅಂತ ಹೆದರಿಕೆ. ಆ ಹೆದರಿಕೆಗೇ ಕೆಡುತ್ತೆ. ಹಿತ್ತಲ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ ಸುತ್ತ ತೆಂಗಿನ ಗರಿಯ ತಡಿಕೆ ಕಟ್ಟಿಸಿಕೊಡಿ. ದೀಪಾವಳಿವರೆಗೂ ನೋಡಿ. ವಾಸಿಯಾಗದಿದ್ದರೆ ನಾನೇ ಹೊರಟು ಹೋಗ್ತೀನಿ, ಯಾರೂ ಕಳಿಸಬೇಕಾಗಿಲ್ಲ."

"ಥೂ! ಗಂಡಸ್ರ ಮುಂದೆ ಆಡಾ ಮಾತೇನವ್ವ ಇದು? ಲಿಂಗಪೂಜೆ ಮಾಡಾ ಮನೆ ಇತ್ಲಲ್ಲಿ ಒಲಸು ಗುಂಡಿಯಾ? ಓದ್ಸಿ ಕೆಡಿಸವ್ರೆ!" ಎಂದು ಚಿಕ್ಕಮಾವ ಎದ್ದೇ ನಿಂತರು.

ಆಗ ಅತ್ತೆ ಬಾಗಿಲು ದಾಟಿ ಬಂದರು. ಮೈದುನನ ಮುಂದೆ ಅವರು ಹಾಗೆ ಎದುರಾಗಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ನನಗೆ ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೆ.

"ಕೂತ್ಕಳಪ್ಪ," ಎಂದರು ಚಿಕ್ಕಮಾವನಿಗೆ. "ನಾನು ಒಪ್ಪೊತ್ತು ಉಣ್ಣಾದು ಯಾಕೆ ಅಂತ ಯಾವತ್ತಾರ ಕೇಳಿದ್ದೀಯಾ?"

ಅತ್ತೆ ದಿನಕ್ಕೆ ಒಂದೇ ಊಟ ಮಾಡುತ್ತಿದ್ದರು, ಅದೂ ಕತ್ತಲಾದ ಮೇಲೆ. ಊರಿಗೆ ಊರೇ ಅದನ್ನು ವ್ರತ ಎಂದು ಹೊಗಳುತ್ತಿತ್ತು, ಆಕೆಯ ಶಿವಭಕ್ತಿ ಎಂದು ಮಕ್ಕಳಿಗೆ ಹೇಳಿಕೊಡುತ್ತಿತ್ತು.

"ಶಿವನ ಮ್ಯಾಲಿನ ಭಕ್ತಿಗಲ್ಲ ಕಣಪ್ಪ. ಈ ಮನೆಗೆ ಬಂದಾಗ ನಂಗೂ ಇಂಗೇ ಆಯ್ತಿತ್ತು. ಅಗಲೊತ್ತು ಉಂಡ್ರೆ ಅಗಲೊತ್ತೇ ಓಗ್ಬೇಕಾಯ್ತದೆ ಅಂತ ಉಣ್ಣಾದೇ ಬುಟ್ಟೆ. ಜನ ವ್ರತ ಅಂದ್ರು, ನಾನೂ ಊಂ ಅಂದೆ. ಇಷ್ಟ್ ವರ್ಸ ನಂಗೆ ಬಾಯಿ ಬರ್ನಿಲ್ಲ. ಇವ್ಳಿಗೆ ಬಂತು." ಅಲ್ಲಿಗೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಪ್ರೀತಿ ಇತ್ತೋ ಸಿಟ್ಟಿತ್ತೋ ಇವತ್ತಿಗೂ ಹೇಳಲಾರೆ. "ಆಡ್ದೆಯಲ್ಲ, ಇನ್ ದೀಪಾವಳಿ ಗಂಟ ಉಂಡು ತೋರ್ಸು."

ಗೋಡೆಗೆ ಒರಗಿ ನಿಂತಿದ್ದ ಯಜಮಾನರು ಗಂಟಲು ಸರಿ ಮಾಡಿಕೊಂಡು, "ಚಿಕ್ಕಪ್ಪಾ, ನಾಳೆ ನಾನೇ ತ್ವಾಟದಿಂದ ಗರಿ ತತ್ತೀನಿ" ಎಂದರು. ಅಷ್ಟೇ ಹೇಳಿದ್ದು. ನನಗೆ ಅಷ್ಟು ಸಾಕಾಯಿತು.

ಮರುದಿನ ಅವರು ತೆಂಗಿನ ಗರಿಯ ಹೊರೆಯನ್ನು ಆಳಿನ ತಲೆಗೆ ಹೊರಿಸದೆ ತಾವೇ ಹೆಗಲ ಮೇಲೆ ಹೊತ್ತುಕೊಂಡು ಊರ ನಡುಬೀದಿಯಲ್ಲೇ ಬಂದರು. "ಏನ್ ಗೌಡ್ರೆ, ಚಪ್ರಕ್ಕಾ?" ಎಂದು ಕೇಳಿದವರಿಗೆಲ್ಲ, "ಇಲ್ಲ, ನಮ್ಮನೆ ಎಂಗಸ್ರಿಗೆ ಕಕ್ಕಸ್ ಮಾಡಾಕೆ" ಎಂದು ನಿಂತು ಹೇಳಿದರಂತೆ. ಕೇಳಿದವರು ನಕ್ಕರಂತೆ. ನಗಲಿ. ಜಗತ್ತಿನಲ್ಲಿ ಹೆಂಡತಿಗಾಗಿ ಏನೇನೋ ಕಟ್ಟಿಸಿದವರಿದ್ದಾರೆ, ನನ್ನ ಗಂಡ ಕಟ್ಟಿದ್ದರ ಮುಂದೆ ಅದೆಲ್ಲ ನನಗೆ ಸೊನ್ನೆ. ಗುಂಡಿ ಆಳವಾಗಿರಬೇಕು, ಪಕ್ಕದಲ್ಲಿ ಬೂದಿ ಮಣ್ಣು ಇರಬೇಕು, ಹೋದವರೇ ಮುಚ್ಚಿ ಬರಬೇಕು ಎಂದು ನಾನು ಹೇಳಿಕೊಟ್ಟೆ. ನಮ್ಮ ತವರಿನ ಕಕ್ಕಸನ್ನು ಬೇರೆಯವರು ಬಂದು ಬಳಿದು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಅದು ನನಗೆ ಬೇಡವಾಗಿತ್ತು.

ತಡಿಕೆ ಎದ್ದ ಕೂಡಲೇ ಎಲ್ಲಾ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರ ಮುಂಚಿಗಿಂತ ಕೆಟ್ಟಿತು. ಉಂಡು ತೋರಿಸಬೇಕಲ್ಲ ಎಂಬ ಹೆದರಿಕೆ ಹೊಸದಾಗಿ ಸೇರಿಕೊಂಡಿತ್ತು. ಮಗ್ಗದ ಲಾಳಿಯ ಹಾಗೆ ದಿನಕ್ಕೆ ಎಷ್ಟೋ ಸಲ ಹಿತ್ತಲಿಗೆ ಓಡಿದೆ. ಜಗಲಿಯ ಮೇಲಿನಿಂದ ಚಿಕ್ಕಮಾವ, "ಇನ್ನೂ ನಿಂತಿಲ್ವಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಹೊಲಸು ಗುಂಡಿಯ ಮನೆ ಎಂದು ನಮ್ಮಲ್ಲಿ ನೀರು ಕುಡಿಯುವುದನ್ನೂ ಅವರು ಬಿಟ್ಟಿದ್ದರು, ಜಗಲಿಯನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ನೋಡದೆ, "ನೂರ್ ಸಲ ಓಗವ್ವ. ಯಾರಪ್ಪನ ಗಂಟೇನು, ನಮ್ಮಿತ್ಲು" ಎಂದರು. ಬೈಗುಳದ ದನಿಯಲ್ಲೇ ಹೇಳಿದರು. ಅಳು ನಿಂತಿತು.

ಆಮೇಲೆ ಯಾವಾಗ ಎಂದು ಗೊತ್ತಿಲ್ಲ, ಹೊಟ್ಟೆ ಸುಮ್ಮನಾಗುತ್ತಾ ಬಂತು. ಒಂದು ದಿನ ಕಡಲೆಕಾಯಿ ಸುಲಿಯುತ್ತಾ ಕೂತಿದ್ದವಳಿಗೆ ಹೊತ್ತು ನೆತ್ತಿಗೆ ಬಂದದ್ದೇ ತಿಳಿಯಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಯ ನೆನಪೇ ಆಗಿರಲಿಲ್ಲ ಎಂದು ಆಗ ನೆನಪಾಯಿತು. ತಡಿಕೆಯ ಕಡೆ ನೋಡಿದೆ. ಅದು ಅಲ್ಲೇ ಇತ್ತು. ಇದ್ದರೆ ಸಾಕಾಗಿತ್ತು. ನಾನು ಬಾವಿಕಟ್ಟೆಯ ಮೇಲೆ ಕೂತು ಕಂಡುಕೊಂಡದ್ದು ಸುಳ್ಳಾಗಿರಲಿಲ್ಲ. ಮುಂದೆ ನನ್ನ ಕೆನ್ನೆ ತುಂಬಿಕೊಂಡಿತು, ಬಳೆ ಬಿಗಿಯಾಯಿತು, ಎಮ್ಮೆ ಮತ್ತೆ ಸಣ್ಣಗಾಯಿತು.

ದೀಪಾವಳಿ ಹತ್ತಿರ ಬಂತು. ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ಚಿಕ್ಕಮಾವ ಜಗಲಿಯಿಂದ ಎದ್ದು ಒಳಗೆ ಬಂದರು. ಚನ್ನರಾಯಪಟ್ಟಣದವರು ಮಾತು ಕೇಳಿ ಕಳಿಸಿದ್ದಾರೆ, ಏನು ಹೇಳಲಿ ಎಂದು ಅತ್ತೆಯನ್ನು ಕೇಳಬೇಕಾಗಿತ್ತು. ನಡುಮನೆಯ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು.

ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ನಾನು ಒಬ್ಬಳೇ ಅಲ್ಲ, ಅತ್ತೆಯೂ. ಸ್ವಲ್ಪ ಮುಂಚೆ ಅವರು ಹಿತ್ತಲಿಂದ ಕೈಕಾಲು ತೊಳೆದುಕೊಂಡು ಬಂದು, ಏನೂ ಹೇಳದೆ ನನ್ನ ಪಕ್ಕಕ್ಕೆ ಇನ್ನೊಂದು ತಟ್ಟೆ ಎಳೆದುಕೊಂಡು ಕೂತಿದ್ದರು. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ, "ಏನ್ ನೋಡ್ತೀಯೆ, ಇಕ್ಕು" ಎಂದು ಗದರಿದ್ದರು. ಹೊರಗೆ ಸುಡು ಸುಡು ಬಿಸಿಲು. ಅವರು ಬಸ್ಸಾರಿನಲ್ಲಿ ಮುದ್ದೆ ಅದ್ದಿ ಅದ್ದಿ ನುಂಗುತ್ತಿದ್ದರು, ಎಷ್ಟೋ ವರ್ಷದ ಹಸಿವಿನವರ ಹಾಗೆ.

ಚಿಕ್ಕಮಾವ, "ಅತ್ಗೆ, ಚನ್ನರಾಯಪಟ್ಣದೋರು..." ಎಂದು ಶುರು ಮಾಡಿದರು.

ಅತ್ತೆ ಬಾಯಲ್ಲಿದ್ದ ತುತ್ತು ನುಂಗಿ, ತಲೆ ಎತ್ತದೆ, "ಯೋಳಿ ಕಳ್ಸಪ್ಪ, ನಮ್ ಮನೇಲಿ ಸೊಸೆ ಅವ್ಳೆ ಅಂತ" ಎಂದರು. ಎಂದು ನನ್ನ ಕಡೆಗೆ ತಟ್ಟೆ ಚಾಚಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು.